ಈ ಕೆಲಸ ಈಗ ಯಾರ ಕೈಯಲ್ಲಿದೆ? ಒಂದು ಮನೆಯ ಬೀರು ಬಾಗಿಲಿನ ಪ್ರಕರಣ

ಇದು ಮಲೆನಾಡಿನ ಒಂದು ಅಡಿಕೆ ಬೆಳೆಗಾರರ ಮನೆ ತನ್ನ ಬಾಕಿ ಕೆಲಸಗಳನ್ನು ಬೀರುವಿನ ಬಾಗಿಲ ಮೇಲೆ ಕಾರ್ಡು ಹಾಕಿ ಹಿಡಿತಕ್ಕೆ ತಂದ ಕಥೆ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು ಹೇಳುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಮನೆಯೊಡತಿ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಊರವರೆಲ್ಲ ಟೀಚರ್ ಎಂದೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ಟೀಚರ್‌ಗೆ ಆಗ 44 ವರ್ಷ. ಗಂಡ ತೋಟ ನೋಡಿಕೊಳ್ಳುತ್ತಾರೆ. ಮಗಳು ಎರಡನೇ ಪಿಯುಸಿ, ಮಗ ಎಂಟನೇ ಕ್ಲಾಸು. ಅತ್ತೆಗೆ 70 ದಾಟಿದೆ, ಸಕ್ಕರೆ ಕಾಯಿಲೆ ಇದೆ. ಎರಡು ವರ್ಷದ ಹಿಂದೆ ಮಾರ್ಚ್ ತಿಂಗಳಲ್ಲಿ ಮಾವ ತೀರಿಕೊಂಡರು. ತೋಟದ ಪಹಣಿ, ಸೊಸೈಟಿಯ ಬೆಳೆ ಸಾಲ, ಕರೆಂಟ್ ಮೀಟರ್, ಗ್ಯಾಸ್ ಎಲ್ಲವೂ ಅವರ ಹೆಸರಲ್ಲಿದ್ದವು. ಅವರು ಇರುವವರೆಗೂ ಈ ಕಾಗದಪತ್ರಗಳ ಲೋಕ ಅವರ ತಲೆಯಲ್ಲೂ ಅವರ ಟ್ರಂಕಿನಲ್ಲೂ ಇತ್ತು. ಹೋದ ಮೇಲೆ ಅಷ್ಟೂ ಟೀಚರ್ ತಲೆಗೆ ಬಂತು. ಮನೆಯಲ್ಲಿ ಓದಿಕೊಂಡವರು, ಕಚೇರಿಯಲ್ಲಿ ಮಾತಾಡಬಲ್ಲವರು ಅವರೇ, ಅಲ್ವಾ?

ಮರಣ ನೋಂದಣಿ ಮಾತ್ರ 21 ದಿನದೊಳಗೆ ಆಗಬೇಕು ಎಂದು ಯಾರೋ ಹೇಳಿದ್ದರಿಂದ ಸರಿಯಾದ ಹೊತ್ತಿಗೆ ಆಯಿತು. ಉಳಿದವಕ್ಕೆ ಅಂಥ ಗಡುವು ಯಾರೂ ಹೇಳಲಿಲ್ಲ. ಹಾಗಾಗಿ ಅವು ಹಾಗೇ ಉಳಿದವು.

ನನಗೂ ಈ ಮನೆಗೂ ಸಂಬಂಧ ಇಷ್ಟು: ಟೀಚರ್ ನನ್ನ ಮಗಳಿಗೆ ಪಾಠ ಮಾಡಿದವರು. ನಾನು ಊರಿಗೆ ವಾಪಸ್ ಬರುವ ಮೊದಲು ಬಿಡದಿ ಹತ್ತಿರ ವಾಹನದ ಬಿಡಿಭಾಗ ಮಾಡುವ ಕಾರ್ಖಾನೆಯ ಸ್ಟೋರ್ಸ್‌ನಲ್ಲಿ 11 ವರ್ಷ ಇದ್ದೆ. ಅಲ್ಲಿ ಕಾನ್‌ಬಾನ್ ಕಾರ್ಡುಗಳೇ ನನ್ನ ದಿನದ ಕೆಲಸ. ಆ ವಿಷಯ ಆಮೇಲೆ ಹೇಳುತ್ತೇನೆ.

ತೊಂದರೆ ಎಲ್ಲಿತ್ತು

ಮೇ ಕೊನೆಯಲ್ಲಿ, ಶಾಲೆ ಶುರುವಾಗುವ ವಾರ, ಟೀಚರ್ ನಮ್ಮ ಮನೆಗೆ ಬಂದರು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಬ್ಯಾಗಿನಿಂದ ಒಂದು ಡೈರಿ, ಎರಡು ನೋಟ್‌ಬುಕ್ಕು ತೆಗೆದು ಟೀಪಾಯಿ ಮೇಲಿಟ್ಟರು. ಫೋನಿನಲ್ಲಿ ತಮಗೆ ತಾವೇ ಕಳಿಸಿಕೊಂಡ ವಾಟ್ಸಾಪ್ ಮೆಸೇಜುಗಳನ್ನು ತೋರಿಸಿದರು. ಅಡುಗೆಮನೆ ಕ್ಯಾಲೆಂಡರಿನಲ್ಲೂ ಹಾಲಿನ ಲೆಕ್ಕದ ಪಕ್ಕ ಬರೆದಿದ್ದಾರಂತೆ. "ಪಟ್ಟಿ ಮಾಡೋದರಲ್ಲಿ ನಾನು ಹಿಂದೆ ಇಲ್ಲ ಸರ್. ಒಂದು ಮುಗಿಸುವಷ್ಟರಲ್ಲಿ ನಾಲ್ಕು ಸೇರ್ಕೊಳ್ತವೆ. ರಾತ್ರಿ ಮೂರು ಗಂಟೆಗೆ ಎಚ್ಚರ ಆಗಿ, ಏನೋ ಮರ್ತಿದ್ದೀನಿ ಅನ್ಸುತ್ತೆ. ಏನು ಅಂತ ಮಾತ್ರ ಗೊತ್ತಾಗಲ್ಲ" ಎಂದರು.

ಇದನ್ನು ನಾನು ಆ ಹೊತ್ತಿಗೆ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಕೆಲಸ ನಾಲ್ಕು ಕಡೆ ಚದುರಿದೆ, ಒಂದೇ ಕಡೆ ತಂದು ಕಣ್ಣಿಗೆ ಕಾಣುವಂತೆ ಇಟ್ಟರೆ ಸಾಕು ಎಂದುಕೊಂಡೆ. ಅರ್ಧ ಸರಿ ಇತ್ತು. ಉಳಿದ ಅರ್ಧ ತಿಳಿಯಲು ಎರಡು ತಿಂಗಳು ಬೇಕಾಯಿತು. ಅಷ್ಟರಲ್ಲಿ ಆ ಮನೆಗೆ ನಷ್ಟವೂ ಆಯಿತು.

ಮೊದಲ ಎರಡು ಪ್ರಯತ್ನ

ಏಪ್ರಿಲ್‌ನಲ್ಲೇ ಮಗಳು ಅಮ್ಮನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದಳಂತೆ. ಕೆಲಸಗಳನ್ನು ಒಂದು ಕಾಲಂನಿಂದ ಇನ್ನೊಂದಕ್ಕೆ ಎಳೆಯುವ ಥರದ್ದು. ಎರಡು ವಾರ ನಡೆದು ನಿಂತಿತು. ಆ್ಯಪ್‌ನಲ್ಲಿ ದೋಷ ಇರಲಿಲ್ಲ. ಆದರೆ ಅದು ಟೀಚರ್ ಒಬ್ಬರಿಗೇ ಕಾಣುತ್ತಿತ್ತು. ಗಂಡ ಫೋನನ್ನು ಮಾತಾಡಲು ಬಿಟ್ಟು ಬೇರೆಯದಕ್ಕೆ ಮುಟ್ಟುವುದು ಕಡಿಮೆ, ಅತ್ತೆ ಮುಟ್ಟುವುದೇ ಇಲ್ಲ. ಹೀಗಾಗಿ ಆ್ಯಪ್ ತುಂಬಿಸುವುದೂ ಟೀಚರ್‌ಗೆ ಇನ್ನೊಂದು ಕೆಲಸವಾಯಿತು.

ಎರಡನೆಯದು ನಾನು ಹೇಳಿಕೊಟ್ಟಿದ್ದು. ಜೂನ್ ಮೊದಲ ಭಾನುವಾರ ಅವರ ಮನೆಯ ನಡುಮನೆಯಲ್ಲಿ ಕೂತು ಎಲ್ಲ ಕೆಲಸವನ್ನೂ ಅಂಟುಚೀಟಿಯಲ್ಲಿ ಬರೆಸಿದೆ. ಒಂದು ಕೆಲಸಕ್ಕೆ ಒಂದು ಚೀಟಿ. 63 ಆದವು. ತುರ್ತು ಇದ್ದದ್ದು ಕೆಂಪು, ಸ್ವಲ್ಪ ತಡೆಯಬಹುದಾದದ್ದು ಹಳದಿ, ಯಾವಾಗಲಾದರೂ ಆದೀತು ಎನ್ನುವುದು ಹಸಿರು. ಗೋಡೆ ತುಂಬಾ ಅಂಟಿಸಿದೆವು. ನೋಡೋಕೆ ಚೆನ್ನಾಗಿತ್ತು. ಟೀಚರ್ ಕೂಡ ಫೋಟೋ ತೆಗೆದುಕೊಂಡರು.

ಎರಡು ವಾರದಲ್ಲಿ ಮುಕ್ಕಾಲು ಗೋಡೆ ಕೆಂಪಾಯಿತು. ಭಯ ಆದಾಗಲೆಲ್ಲ ಅವರು ಚೀಟಿಯನ್ನು ಕೆಂಪು ಕಾಗದಕ್ಕೆ ಬದಲಾಯಿಸುತ್ತಿದ್ದರು. ಎಲ್ಲವೂ ತುರ್ತಾದ ಮೇಲೆ ಯಾವುದಕ್ಕೆ ಮೊದಲು ಕೈ ಹಾಕುವುದು? ಸಂಜೆ ಶಾಲೆಯಿಂದ ಬಂದವರು ಆ ಗೋಡೆ ಕಡೆ ಮುಖ ಮಾಡದೆ ಹಿಂದಿನ ಬಾಗಿಲಿನಿಂದ ಅಡುಗೆಮನೆಗೆ ಹೋಗತೊಡಗಿದರು. ಇದನ್ನು ಅವರೇ ಆಮೇಲೆ ಹೇಳಿದ್ದು. ಕೇಳಿ ನನಗೆ ಬಹಳ ಬೇಸರವಾಯಿತು. ಸಹಾಯಕ್ಕೆ ಅಂತ ಮಾಡಿದ್ದು ದಿನಾ ಎದುರು ನಿಂತು ಗದರಿಸುವ ಗೋಡೆ ಆಗಿತ್ತು.

ಅಷ್ಟರಲ್ಲಿ ಮಳೆ ಹಿಡಿಯಿತು. ಅಂಟುಚೀಟಿಯ ಅಂಟು ಸುಲಭವಾಗಿ ಕಿತ್ತು ಬರಲಿ ಅಂತಲೇ ಮಾಡಿದ್ದು. ಒಣಗಿದ ನುಣುಪು ಜಾಗದಲ್ಲಿ ನಿಲ್ಲುತ್ತದೆ. ಜುಲೈನಲ್ಲಿ ಮಲೆನಾಡಿನ ಗೋಡೆ ಬೆವರುತ್ತದೆ. ಸುಣ್ಣದ ಪುಡಿ ಸಮೇತ ಒಂದೊಂದೇ ಚೀಟಿ ಉದುರಿದವು. ಉದುರಿದ್ದನ್ನು ಅತ್ತೆ ಗುಡಿಸಿ, ಬೇರೆ ಕಾಗದದ ಜೊತೆ ಬಚ್ಚಲ ಒಲೆಗೆ ಹಾಕಿದರು. ಅವರದೇನೂ ತಪ್ಪಿಲ್ಲ. ನೆಲದ ಮೇಲೆ ಬಿದ್ದ ಕಾಗದ ಅವರಿಗೆ ಕಸವೇ. ಹಾಗೆ ಹೋದದ್ದರಲ್ಲಿ ಒಂದು ಚೀಟಿ: "ವಂಶವೃಕ್ಷ – ನಾದಿನಿ ಆಧಾರ್, ಸಹಿ".

ಈ ಒಂದು ಚೀಟಿಯ ದಾರಿ ಸ್ವಲ್ಪ ವಿವರವಾಗಿ ಹೇಳಬೇಕು. ಮಾವನ ಹೆಸರಿನ ಜಮೀನು ವಾರಸುದಾರರ ಹೆಸರಿಗೆ ಬರಲು ಪೌತಿ ಖಾತೆ ಆಗಬೇಕು. ಅದಕ್ಕೆ ಮರಣ ಪ್ರಮಾಣಪತ್ರದ ಜೊತೆ ವಂಶವೃಕ್ಷ ಬೇಕು. ವಂಶವೃಕ್ಷಕ್ಕೆ ಅರ್ಜಿ ಕೊಡುವಾಗ ಬೆಂಗಳೂರಿನಲ್ಲಿರುವ ನಾದಿನಿಯ ಆಧಾರ್ ಪ್ರತಿ, ಸಹಿ ಬೇಕಿತ್ತು. ಟೀಚರ್ ಜೂನ್ ಆರಂಭದಲ್ಲೇ ಫೋನ್ ಮಾಡಿ ಕೇಳಿದ್ದರು. ನಾದಿನಿ "ಕಳಿಸ್ತೀನಿ ಅತ್ತಿಗೆ" ಎಂದಿದ್ದರು. ಅಲ್ಲಿಂದ ಮುಂದೆ ಟೀಚರ್ ಅದು ಬರುತ್ತದೆ ಎಂದುಕೊಂಡರು. ನಾದಿನಿ, ಅಣ್ಣ ಬೆಂಗಳೂರಿಗೆ ಬಂದಾಗ ತೆಗೆದುಕೊಂಡು ಹೋಗುತ್ತಾನೆ ಎಂದುಕೊಂಡರು. ಅಣ್ಣನಿಗೆ ಈ ವಿಷಯವೇ ಗೊತ್ತಿಲ್ಲ. ಚೀಟಿ ಗೋಡೆಯ ಮೇಲೆ ಕೆಂಪಾಗಿ ಕೂತಿತ್ತು, ಆಮೇಲೆ ಒಲೆಗೆ ಹೋಯಿತು.

ಜುಲೈನಲ್ಲಿ ಗಂಡ ಅಡಿಕೆಗೆ ಬೆಳೆ ವಿಮೆ ಕಟ್ಟಲು ಹೋದರು. ಪಹಣಿಯಲ್ಲಿ ಇನ್ನೂ ತೀರಿಕೊಂಡವರ ಹೆಸರೇ ಇದ್ದುದರಿಂದ ಮತ್ತೊಂದಷ್ಟು ಕಾಗದ ಕೇಳಿದರು. ಹೊಂದಿಸುವಷ್ಟರಲ್ಲಿ ಕೊನೆಯ ದಿನ ದಾಟಿತು. ಆ ವರ್ಷ ಆ ತೋಟಕ್ಕೆ ವಿಮೆ ಇಲ್ಲ. ಅದೇ ಹೊತ್ತಿಗೆ ಎರಡನೇ ಔಷಧಿಯೂ ತಡವಾಯಿತು. ಅಡಿಕೆಗೆ ಕೊಳೆ ರೋಗ ಬಾರದಂತೆ ಮಳೆ ಹಿಡಿಯುವ ಮುಂಚೆ ಒಮ್ಮೆ, ಆಮೇಲೆ 40–45 ದಿನಕ್ಕೆ ಇನ್ನೊಮ್ಮೆ ಬೋರ್ಡೋ ದ್ರಾವಣ ಹೊಡೆಯಬೇಕು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡೂ ಮನೆಯಲ್ಲಿದ್ದವು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಬರಬೇಕಿತ್ತು. ಹೇಳಿದ್ದೇನೆ, ಬರ್ತಾನೆ ಎಂದು ಗಂಡ ಸುಮ್ನಿದ್ದರು. ಮಳೆ ಬಿಟ್ಟ ಎರಡು ದಿನ ಹಾಗೇ ಹೋದವು. ಒಂದು ಮೂಲೆಯಲ್ಲಿ ಕೊಳೆ ಬಿತ್ತು.

ಟೀಚರ್ ಫೋನ್ ಮಾಡಿ ಅತ್ತರು. "ನನ್ನಿಂದ ಆಗ್ತಿಲ್ಲ ಸರ್" ಎಂದರು. ಆ ಮಾತು ಕೇಳಿದಾಗಲೇ ನನಗೆ ಹೊಳೆದದ್ದು. ಬಿದ್ದುಹೋದ ಎರಡು ಕೆಲಸದಲ್ಲೂ ಟೀಚರ್ ಮಾಡಬೇಕಾದದ್ದು ಆಗಿಹೋಗಿತ್ತು. ಎರಡೂ ನಿಂತದ್ದು ಬೇರೆಯವರ ಕೈಯಲ್ಲಿ. ನಮ್ಮ ಗೋಡೆ ಯಾವುದು ಎಷ್ಟು ತುರ್ತು ಎಂದು ಹೇಳುತ್ತಿತ್ತು. ಅದು ಈಗ ಯಾರ ಹತ್ತಿರ ಇದೆ ಎಂದು ಹೇಳುತ್ತಿರಲಿಲ್ಲ.

ಕಾರ್ಖಾನೆಯಲ್ಲಿ ಕಂಡದ್ದು

ಕಾನ್‌ಬಾನ್ ಎಂದರೆ ಜಪಾನಿ ಭಾಷೆಯಲ್ಲಿ ಫಲಕ, ಬೋರ್ಡು. ಎರಡನೇ ಮಹಾಯುದ್ಧದ ನಂತರದ ವರ್ಷಗಳಲ್ಲಿ ಟೊಯೋಟಾದ ತಾಯಿಚಿ ಓನೊ ಇದನ್ನು ಕಾರ್ಖಾನೆಯಲ್ಲಿ ರೂಪಿಸಿದರು. ಅಮೆರಿಕದ ಸೂಪರ್‌ಮಾರ್ಕೆಟ್‌ಗಳು ಅವರಿಗೆ ಮಾದರಿ. ಅಲ್ಲಿ ಗಿರಾಕಿ ಎಷ್ಟು ತೆಗೆದುಕೊಂಡನೋ ಅಷ್ಟನ್ನೇ ಮತ್ತೆ ಕಪಾಟಿಗೆ ತುಂಬುತ್ತಾರೆ. ನಮ್ಮ ಸ್ಟೋರ್ಸ್‌ನಲ್ಲೂ ಹಾಗೇ. ಬಿಡಿಭಾಗ ತುಂಬಿಡುವ ಪ್ರತಿ ಬಿನ್ನಿಗೆ ಒಂದು ಕಾರ್ಡು. ಬಿನ್ ಖಾಲಿಯಾದರೆ ಕಾರ್ಡು ಹಿಂದಕ್ಕೆ ಹೋಗುತ್ತದೆ, ಹೋದ ಕಾರ್ಡಿಗೆ ಮಾತ್ರ ಹೊಸ ಮಾಲು ಬರುತ್ತದೆ. ಕಾರ್ಡು ಇಲ್ಲದೆ ಯಾರೂ ಒಂದು ತುಂಡೂ ಮಾಡುವ ಹಾಗಿಲ್ಲ. ಕಾರ್ಡು ಎಷ್ಟಿದೆಯೋ ಅಷ್ಟೇ ಕೆಲಸ ನಡುವೆ ಓಡಾಡುತ್ತಿರುತ್ತದೆ. ಮನೆಗೆ, ಆಫೀಸಿಗೆ ಬೋರ್ಡು ಮಾಡಿಕೊಳ್ಳುವವರು ಬಹಳ ಜನ ಈ ಮಿತಿಯನ್ನು ಬಿಟ್ಟು ಕಾಲಂಗಳನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ನಾನೂ ಟೀಚರ್ ಮನೆಯಲ್ಲಿ ಅದನ್ನೇ ಮಾಡಿದ್ದೆ. 11 ವರ್ಷ ಆ ಕಾರ್ಡು ಕೈಯಲ್ಲಿ ಹಿಡಿದವನು ಮಾಡಬಾರದಿತ್ತು.

ಮಿತಿ ಯಾಕೆ ಬೇಕು ಎನ್ನುವುದಕ್ಕೆ ಜಾನ್ ಲಿಟಲ್ ಎಂಬ ವಿದ್ವಾಂಸರು 1961ರಲ್ಲಿ ಸಾಧಿಸಿ ತೋರಿಸಿದ ಒಂದು ಸರಳ ಲೆಕ್ಕ ಇದೆ. ಹಿಟ್ಟಿನ ಗಿರಣಿಯಲ್ಲಿ ಗಂಟೆಗೆ ನಾಲ್ಕು ಚೀಲ ಬೀಸುತ್ತಾರೆ, ಮುಂದೆ ಯಾವಾಗಲೂ 24 ಚೀಲ ಇರುತ್ತವೆ ಎಂದುಕೊಳ್ಳಿ. ಒಂದು ಚೀಲ ಬಂದು ಹೋಗಲು ಸರಾಸರಿ ಆರು ಗಂಟೆ. ಎಂಟೇ ಚೀಲ ಇದ್ದರೆ ಎರಡು ಗಂಟೆ. ಗಿರಣಿಯ ವೇಗ ಬದಲಾಗಿಲ್ಲ. ಮನೆಕೆಲಸದಲ್ಲೂ ಅಷ್ಟೇ. ವಾರಕ್ಕೆ ನಾಲ್ಕು ಕೆಲಸ ಮುಗಿಸಬಲ್ಲವರು 24 ಕೆಲಸ ಶುರು ಮಾಡಿಕೊಂಡರೆ ಪ್ರತಿಯೊಂದೂ ಆರು ವಾರ ತಲೆಯಲ್ಲಿ ಕೂತಿರುತ್ತದೆ.

ಬೀರು

ಜುಲೈ ಕೊನೆಯ ಶನಿವಾರ ಮತ್ತೆ ಕೂತೆವು. ಈ ಸಲ ಟೀಚರ್ ಒಬ್ಬರನ್ನೇ ಕೂರಿಸಿಕೊಳ್ಳಲಿಲ್ಲ. ಮನೆಯವರೆಲ್ಲ ಬರಬೇಕು ಎಂದೆ. ಗೋಡೆ ಬೇಡ, ನಡುಮನೆಯ ಕಬ್ಬಿಣದ ಬೀರು ಇರಲಿ ಎಂದು ಟೀಚರೇ ಹೇಳಿದರು. ಚೀಟಿ ಬದಲು ಹಳೇ ಲಗ್ನಪತ್ರಿಕೆಗಳ ಖಾಲಿ ಬದಿ ಕತ್ತರಿಸಿದೆವು. ಗಟ್ಟಿ ಕಾಗದ, ಮಳೆಗಾಲಕ್ಕೂ ಸುರುಟುವುದಿಲ್ಲ. ಅಂಟಿನ ಬದಲು ಮ್ಯಾಗ್ನೆಟ್. ಗೋಡೆಯ ಫೋಟೋ ಟೀಚರ್ ಫೋನಿನಲ್ಲಿ ಇದ್ದದ್ದು ಉಪಕಾರವಾಯಿತು. ಒಲೆಗೆ ಹೋದ ಚೀಟಿಗಳೂ ಅದರಲ್ಲಿ ಸಿಕ್ಕವು.

ಮೊದಲು 63 ಕೆಲಸವನ್ನೂ ಒಂದೊಂದಾಗಿ ಗಟ್ಟಿಯಾಗಿ ಓದಿ, ಒಂದೇ ಪ್ರಶ್ನೆ ಕೇಳಿದೆವು: ಇದು ಈಗ ಯಾರ ಕೈಯಲ್ಲಿದೆ? ಎರಡು ಗಂಟೆ ಹಿಡಿಯಿತು. 11 ಕೆಲಸ ಆಗಲೇ ಮುಗಿದಿದ್ದವು ಅಥವಾ ಇನ್ನು ಬೇಕಾಗಿರಲಿಲ್ಲ. 17 ಬೇರೆಯವರ ಹತ್ತಿರ ನಿಂತಿದ್ದವು: ಕಚೇರಿ, ನಾದಿನಿ, ಕೊನೆಗೌಡ, ಪ್ಲಂಬರ್. ಒಂಬತ್ತು ಚೀಟಿ ಕೆಲಸಗಳೇ ಅಲ್ಲ, ಚಿಂತೆಗಳು. "ಮಗಳು – ಮುಂದೇನು", "ಅತ್ತೆ – ಮಧ್ಯಾಹ್ನ ಒಬ್ಬರೇ ಊಟ" ಎಂಬಂಥವು. ಉಳಿದ 26ರಲ್ಲಿ ಟೀಚರೇ ಮಾಡಬೇಕಾದದ್ದು 12. ಆ ಸಂಖ್ಯೆ ಹೇಳಿದಾಗ ಅವರು ಮತ್ತೊಮ್ಮೆ ಎಣಿಸಿದರು. ಮೂರನೇ ಸಲವೂ ಎಣಿಸಿದರು.

ಬಾಗಿಲ ಮೇಲೆ ಟೇಪಿನಿಂದ ಗೆರೆ ಎಳೆದೆವು. ಎಡಕ್ಕೆ "ಕೈಯಲ್ಲಿದೆ", ಬಲಕ್ಕೆ "ಬೇರೆಯವರ ಕೈಯಲ್ಲಿ". ಇನ್ನೂ ಶುರು ಮಾಡದ ಕಾರ್ಡುಗಳು ಬಾಗಿಲ ಮೇಲೆ ಬರುವ ಹಾಗೇ ಇಲ್ಲ. ಅವು ಬೀರುವಿನ ಮೇಲಿನ ಹಳೇ ಸ್ವೀಟ್ ಡಬ್ಬಿಯಲ್ಲಿ. ಮುಗಿದವು ಇನ್ನೊಂದು ಡಬ್ಬಿಗೆ. ಮಿತಿಯನ್ನು ಮಾತಿಗೆ ಬಿಡಲಿಲ್ಲ. ಟೀಚರ್‌ಗೆ ಕೆಂಪು ಮ್ಯಾಗ್ನೆಟ್ ಮೂರು, ಗಂಡನಿಗೆ ನೀಲಿ ಮೂರು, ಮಗಳಿಗೆ ಹಸಿರು ಎರಡು. ಮ್ಯಾಗ್ನೆಟ್ ಇಲ್ಲದಿದ್ದರೆ ಕಾರ್ಡು ನಿಲ್ಲುವುದೇ ಇಲ್ಲ. ಹೊಸ ಕೆಲಸಕ್ಕೆ ಕೈ ಹಾಕಬೇಕಾದರೆ ಹಳೆಯದೊಂದು ಮುಗಿಯಬೇಕು, ಇಲ್ಲವೇ ಎಲ್ಲರೆದುರು ಇಳಿಸಿ ಡಬ್ಬಿಗೆ ಹಾಕಬೇಕು. ಬಲಗಡೆಗೆ ದಾರ ಕಟ್ಟಿ ಬಟ್ಟೆ ಕ್ಲಿಪ್ ಹಾಕಿದೆವು. ಅಲ್ಲಿ ತೂಗುವ ಪ್ರತಿ ಕಾರ್ಡಿನಲ್ಲೂ ಎರಡು ವಿಷಯ ಇರಲೇಬೇಕು: ಯಾರ ಹತ್ತಿರ ಇದೆ, ಮುಂದೆ ಯಾವ ದಿನ ಕೇಳಬೇಕು.

ಆಗ ಅತ್ತೆ, ಅಲ್ಲಿವರೆಗೂ ಬಾಗಿಲ ಹತ್ತಿರ ಕೂತು ಅಡಿಕೆ ಕತ್ತರಿಸುತ್ತಿದ್ದವರು, ಕೇಳಿದರು: "ನಂಗಿಲ್ವೇನಪ್ಪಾ ಒಂದೂ?"

ನಾನು ಲೆಕ್ಕದಲ್ಲಿ ಅವರನ್ನು ಹಿಡಿದೇ ಇರಲಿಲ್ಲ. ಟೀಚರ್ ಕೂಡ "ನಿಮಗ್ಯಾಕೆ ಅತ್ತೆ ತೊಂದರೆ" ಎಂದರು. ಅತ್ತೆ ಎದ್ದು ಬಂದು ದಾರದ ಮೇಲಿನ ಕಾರ್ಡುಗಳನ್ನು ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಓದಿದರು. ಏಳನೇ ಕ್ಲಾಸಿನವರೆಗೆ ಓದಿದವರು. "ಇವರಿಗೆಲ್ಲ ಫೋನ್ ಮಾಡಿ ಕೇಳ್ಬೇಕು, ಅಷ್ಟೇ ತಾನೆ? ಇಡೀ ದಿನ ಮನೇಲಿರೋಳು ನಾನು. ಕೊನೆಗೌಡನ ಅಪ್ಪನ ಕಾಲದಿಂದ ನಂಗೆ ಗೊತ್ತು. ನಾನು ಕೇಳಿದ್ರೆ ಅವನು ಇಲ್ಲ ಅನ್ನಲ್ಲ" ಎಂದರು.

ಈ ಪ್ರಕರಣ ತಿರುಗಿದ್ದು ಅಲ್ಲಿ. ಬಲಗಡೆಯ ದಾರ ಆ ದಿನದಿಂದ ಅತ್ತೆಯದಾಯಿತು.

ಆಮೇಲೆ ಏನಾಯಿತು

ಮೊದಲ ಸೋಮವಾರವೇ ಅತ್ತೆ ಬೆಂಗಳೂರಿನ ತಮ್ಮ ಮಗಳಿಗೆ ಫೋನ್ ಮಾಡಿದರು. ಆಧಾರ್ ಪ್ರತಿ, ಸಹಿ ಮಾಡಿದ ಕಾಗದ ಗುರುವಾರ ಕೊರಿಯರ್‌ನಲ್ಲಿ ಬಂತು. ಎರಡು ತಿಂಗಳು ನಿಂತ ಕೆಲಸ, ನಾಲ್ಕು ದಿನ. ಆಗಸ್ಟ್‌ನಲ್ಲಿ ವಂಶವೃಕ್ಷ ಕೈಗೆ ಬಂತು. ಪೌತಿ ಖಾತೆ ಅರ್ಜಿ ಹಾಕಿದ ಮೇಲೆ ಆ ಕಾರ್ಡು ಮತ್ತೆ ದಾರಕ್ಕೆ ಹೋಯಿತು. ಹೋದ ದಿನ, ಯಾರು ಸಿಕ್ಕರು, ಏನೆಂದರು ಎಲ್ಲವೂ ಅದರ ಹಿಂದೆ ಬರೆಯುತ್ತಾ ಹೋದರು. ಅಕ್ಟೋಬರ್‌ನಲ್ಲಿ ಖಾತೆ ಆಯಿತು. ಕಾರ್ಡಿನ ಹಿಂಬದಿ ತುಂಬಿ ಇನ್ನೊಂದು ಚೂರು ಪಿನ್ ಮಾಡಿದ್ದರು. ಆ ಕಾರ್ಡು ನನಗೆ ತೋರಿಸಿದರು. ಏಳು ತಾರೀಖುಗಳು, ಮೂರು ಥರದ ಕೈಬರಹ. ಟೀಚರ್‌ದು, ಗಂಡನದು, ನಡುಗುವ ದೊಡ್ಡ ಅಕ್ಷರದಲ್ಲಿ ಅತ್ತೆಯದು.

ಎಲ್ಲವೂ ಸಲೀಸಾಗಿ ನಡೆಯಿತು ಎಂದಲ್ಲ. ಗಂಡ ತಮ್ಮ ಕಾರ್ಡುಗಳನ್ನು ತಾವೇ ತೆಗೆಯುವುದು ಇಂದಿಗೂ ಅಪರೂಪ. ಕೆಲಸ ಮುಗಿಸುತ್ತಾರೆ, ಕಾರ್ಡು ಹಾಗೇ ಇರುತ್ತದೆ. ಬೈದು ಪ್ರಯೋಜನ ಆಗಲಿಲ್ಲ. ಈಗ ಸಂಜೆ ಕಾಫಿ ಹೊತ್ತಿಗೆ ಅತ್ತೆ ಕಾರ್ಡುಗಳನ್ನು ಗಟ್ಟಿಯಾಗಿ ಓದುತ್ತಾರೆ. "ಪಂಪ್‌ಸೆಟ್ ವೈರು?" "ಆಯ್ತು ಕಣಮ್ಮ." ಕಾರ್ಡು ಡಬ್ಬಿಗೆ. ಐದು ನಿಮಿಷದ ಕೆಲಸ. ಆ ಐದು ನಿಮಿಷ ತಪ್ಪಿದ ವಾರ ಬೋರ್ಡು ಸತ್ತುಹೋಗುತ್ತದೆ. ಸೆಪ್ಟೆಂಬರ್‌ನಲ್ಲಿ ಹಬ್ಬಕ್ಕೆ ನೆಂಟರು ಬಂದಿದ್ದಾಗ ಹತ್ತು ದಿನ ಹಾಗೇ ಆಯಿತು. ದಾರದ ಮೇಲಿನ ನಾಲ್ಕು ಕಾರ್ಡಿನ ತಾರೀಖು ದಾಟಿಹೋಗಿತ್ತು.

ಶಾಲೆಯ ಕೆಲಸವನ್ನೂ ಬೀರುವಿಗೆ ತರಲು ನೋಡಿ ಕೈಬಿಟ್ಟೆವು. ಅಂಕ ತುಂಬಿಸುವುದು, ಬಿಸಿಯೂಟದ ಲೆಕ್ಕ, ಮೀಟಿಂಗು ಬಂದು ಕೂತರೆ ಟೀಚರ್‌ನ ಮೂರು ಮ್ಯಾಗ್ನೆಟ್ಟೂ ಶಾಲೆಗೇ ಹೋಗುತ್ತಿದ್ದವು. ಅದಕ್ಕೆ ಅವರು ಸ್ಟಾಫ್ ರೂಮಿನ ತಮ್ಮ ಕಪಾಟಿನ ಬಾಗಿಲ ಒಳಬದಿಯಲ್ಲಿ ಬೇರೆ ಚಿಕ್ಕ ಬೋರ್ಡು ಮಾಡಿಕೊಂಡಿದ್ದಾರೆ. ಮನೆಯದು ಮನೆಯಲ್ಲಿ, ಶಾಲೆಯದು ಶಾಲೆಯಲ್ಲಿ. ಇದು ಅವರದೇ ತೀರ್ಮಾನ, ಒಳ್ಳೆಯ ತೀರ್ಮಾನ.

ಇಂಥದ್ದು ಮಾಡಹೊರಟವರಿಗೆ ನಾನು ಈಗ ಬೇರೆ ರೀತಿ ಹೇಳುತ್ತೇನೆ. ಬಣ್ಣ, ಕಾಲಂ ಎಲ್ಲ ಆಮೇಲೆ. ಮೊದಲು ಎಲ್ಲ ಕೆಲಸವನ್ನೂ ಓದಿ, ಯಾವುದು ನಿಮ್ಮ ಕೈಯಲ್ಲೇ ಇಲ್ಲ ಎಂದು ಬೇರೆ ಮಾಡಿ. ಬೇರೆಯವರ ಹತ್ತಿರ ಇರುವ ಕೆಲಸಕ್ಕೆ ತುರ್ತಿನ ಬಣ್ಣ ಹಚ್ಚಿ ಉಪಯೋಗ ಇಲ್ಲ, ಮತ್ತೆ ಕೇಳುವ ತಾರೀಖು ಬೇಕು. ಮಿತಿ ಎಂಬುದನ್ನು ನಿರ್ಧಾರಕ್ಕೆ ಬಿಡಬೇಡಿ, ಕೈಗೆ ಸಿಗುವ ವಸ್ತುವಿಗೆ ಕಟ್ಟಿ. ಬೋರ್ಡು ಇಡುವ ಜಾಗ ಮನೆಯವರೆಲ್ಲ ದಿನಾ ಹಾದುಹೋಗುವ ಜಾಗ ಆಗಿರಲಿ. ಒಬ್ಬರ ಹೊರೆ ಇಳಿಸಬೇಕು ಎಂದು ಹೊರಟಾಗ, ಆ ಮನೆಯಲ್ಲಿ ಯಾರ ಕೈ ಖಾಲಿ ಇದೆ, ಯಾರಿಗೆ ಯಾರೂ ಏನೂ ಕೇಳುತ್ತಿಲ್ಲ ಎಂದೂ ನೋಡಿ. ನಾನು ಅದನ್ನು ನೋಡಿರಲಿಲ್ಲ. ಅವರೇ ಬಾಯಿಬಿಟ್ಟು ಕೇಳಬೇಕಾಯಿತು.

ಆ ಒಂಬತ್ತು ಚಿಂತೆಯ ಚೀಟಿಗಳನ್ನು ಏನು ಮಾಡುವುದೆಂದು ಅವತ್ತು ಯಾರಿಗೂ ತೋಚಿರಲಿಲ್ಲ. ಟೀಚರ್ ಒಂದು ಲಕೋಟೆಗೆ ಹಾಕಿ ಬೀರುವಿನ ಒಳಗೆ ಸೀರೆಗಳ ಕೆಳಗೆ ಇಟ್ಟಿದ್ದರು. ಡಿಸೆಂಬರ್‌ನಲ್ಲಿ ರಜೆಯ ಒಂದು ದಿನ ತೆಗೆದು ನೋಡಿದರಂತೆ. ಆರು ಹಾಗೇ ಇದ್ದವು, ಮಗಳ ಮುಂದಿನ ಓದು, ಮನೆಯ ಮಾಡು ಇತ್ಯಾದಿ. ಎರಡು ತಾನಾಗಿ ಹೋಗಿದ್ದವು. ಇನ್ನೊಂದು "ಅತ್ತೆ – ಮಧ್ಯಾಹ್ನ ಒಬ್ಬರೇ ಊಟ". ಅದನ್ನು ಓದಿ ಟೀಚರ್ ಗಂಡನ ಕಡೆ ನೋಡಿದರು. ತೋಟಕ್ಕೆ ಬುತ್ತಿ ಒಯ್ಯುತ್ತಿದ್ದ ಅವರು ಈಗ ಮಧ್ಯಾಹ್ನ ಒಂದು ಗಂಟೆಗೆ ಮನೆಗೆ ಬರುತ್ತಾರೆ. ಅದಕ್ಕೆ ಕಾರ್ಡು ಬರೆದಿಲ್ಲ. ಹೋದ ವರ್ಷ ಬೆಳೆ ವಿಮೆಯನ್ನು ಕೊನೆಯ ದಿನಕ್ಕೆ ಮೂರು ವಾರ ಮೊದಲೇ ಕಟ್ಟಿದರು. ತಾರೀಖು ನೆನಪಿಸಿದ್ದು ಅತ್ತೆ.